ನೊರೆ ತೆಗೆಸಿದವನು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಹೇಳುತ್ತಾ ಹೇಳುತ್ತಾ ಇನ್ನೊಬ್ಬರ ತಲೆಗೆ ಕಟ್ಟುವ ಚಾಳಿ ನನಗುಂಟು. ಎಪ್ಪತ್ತರ ದಶಕದಲ್ಲಿ ನಾನು ಕೆಂಗೇರಿಯಾಚೆಯ ಒಂದು ಮೀನುಮರಿ ಕೇಂದ್ರದಲ್ಲಿ ಗುಮಾಸ್ತ. ಸಂಬಳ ಗುಮಾಸ್ತಿಕೆಗೆ, ಹೆಸರು ಮಿಮಿಕ್ರಿಗೆ. ಕಂಡಕ್ಟರು, ಕಾವಲುಗಾರ, ಕಪ್ಪೆ, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಮಾತ್ರ ಒಡಕು ಮಡಕೆ; ಅದನ್ನು ಅಣಕಿಸುವ ತೊಂದರೆ ಯಾರೂ ತಗೊಳ್ಳುತ್ತಿರಲಿಲ್ಲ.

ನನಗೆ ಪೂರ್ತಿ ಒಲಿದದ್ದು ನಮ್ಮ ಮ್ಯಾನೇಜರರ ದನಿ. ದಾವಣಗೆರೆ ಕಡೆಯವರು. ಮೀನು ಬಾಯಿಗಿಟ್ಟವರಲ್ಲ, ಆದರೆ ಮಳೆಗಾಲ ಬಂತೆಂದರೆ ಮೀನುಗಳಿಗೆ ಅವರೇ ಸೂಲಗಿತ್ತಿ. ಸೂಜಿ ಚುಚ್ಚಿ ಮೊಟ್ಟೆ ಇಡಿಸಿ, ಮರಿಗಳನ್ನು ತಗಡಿನ ಡಬ್ಬಗಳಲ್ಲಿ ಬಸ್ಸಿಗೇರಿಸಿ, ಊರೂರ ಕೆರೆಗೆ ಬಿಟ್ಟೇ ತಲೆ ನರೆಸಿಕೊಂಡವರು. ತೊಟ್ಟಿಯಲ್ಲಿ ನೊರೆ ಕಂಡರೆ ನೀರು ಕೆಟ್ಟಿತು, ಮೊಟ್ಟೆ ಕೊಳೆಯಿತು ಎಂದೇ ಲೆಕ್ಕ. "ನೊರೆ ಬಂದೈತಲ್ರೋ! ತೆಗೀರಿ, ನೀರು ಬದಲಾಯಿಸ್ರಿ!" ಎಂದು ಗುಡುಗುತ್ತಿದ್ದರು.

ಮನೆಯಲ್ಲಿ ಇನ್ನೊಂದು ಹುಚ್ಚು. ಯಾರೂ ತಿನ್ನದ, ಯಾರೂ ಕೊಳ್ಳದ ಪುಟಾಣಿ ಮೀನುಗಳನ್ನು ನಾಯಂಡಹಳ್ಳಿ, ಮೂಡಲಪಾಳ್ಯದ ಕುಂಟೆಗಳಿಂದ ಹಿಡಿದು ತಂದು ವಿಜಯನಗರದ ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಗಳಿಗೆ ಬಿಡುತ್ತಿದ್ದರು. ಅದರಲ್ಲಿ ಹೆಬ್ಬೆರಳುದ್ದದ ಒಂದು ಜೋಡಿ ಮೂರು ವರ್ಷದಿಂದ ಮರಿ ಮಾಡಿರಲಿಲ್ಲ. "ಊರ ಕೆರೆಯೆಲ್ಲಾ ತುಂಬಿಸಿದೆ, ಇವೆರಡರ ಮುಂದೆ ಸೋತೆ ನೋಡಪ್ಪಾ" ಎನ್ನುತ್ತಿದ್ದರು.

ಒಂದು ಭಾನುವಾರ ಸಹಿಗೆಂದು ಹೋದೆ. ಅವರು ಮೀನಿಗೆ ಹುಳ ತರಲು ಹೋಗಿದ್ದರು. ಕಿಟಕಿಯಿಂದ ಇಣುಕಿದರೆ ಆ ಜೋಡಿಯ ತೊಟ್ಟಿಯ ತುಂಬ ನೊರೆ! ಆಹಾ, ಸಾಹೇಬರ ಮನೆಯಲ್ಲೇ! ಜಗಲಿಯಲ್ಲೇ ನಿಂತು ಅವರ ದನಿಯಲ್ಲಿ ಗುಡುಗಿದೆ: "ಏ, ನೊರೆ ಬಂದೈತಲ್ಲ! ತೆಗಿ, ನೀರು ಬದಲಾಯಿಸು!"

ಅಡುಗೆಮನೆಯಿಂದ "ಬಂದೆ, ಬಂದೆ" ಎಂದು ಸಾಹೇಬರ ಹೆಂಡತಿ, ನಮ್ಮ ಅಮ್ಮನವರು, ಓಡಿಬಂದರು. ಚೆಂಬಿನಲ್ಲಿ ನೊರೆ ಮೊಗೆದು ಬಚ್ಚಲಿಗೆ ಸುರಿದರು. ನಾನು ತಡೆಯಲಿಲ್ಲ. ನಗೆಯೂ ಆಯಿತು, ತೊಟ್ಟಿಯೂ ಚೊಕ್ಕಟವಾಯಿತು ಅಂದುಕೊಂಡೆ.

ಸಾಹೇಬರು ಬಂದವರು ತೊಟ್ಟಿ ನೋಡಿ "ಗೂಡೆಲ್ಲಿ?" ಎಂದರು. ಆ ಜಾತಿಯ ಗಂಡು ಬಾಯಿಂದ ಗುಳ್ಳೆ ಬಿಟ್ಟು ಬಿಟ್ಟು ನೊರೆಯ ಗೂಡು ಕಟ್ಟುತ್ತದಂತೆ, ಅದರೊಳಗೇ ಮೊಟ್ಟೆ ಕಾಯುತ್ತದಂತೆ. ಅವತ್ತು ಬೆಳಿಗ್ಗೆಯೇ ಮೊಟ್ಟೆ ಇಟ್ಟಿದ್ದವು. ಅವರು ಪಂಚೆ ಎತ್ತಿ ಕಟ್ಟಿ ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಚಮಚದಲ್ಲಿ ಹುಡುಕಿದರು. ಅಮ್ಮನವರೂ ಪಕ್ಕದಲ್ಲಿ ಕೂತು ಹುಡುಕಿದರು. ಒಂದೂ ಸಿಗಲಿಲ್ಲ. ತೊಟ್ಟಿಯಲ್ಲಿ ಗಂಡು ಮೀನು ಬರೀ ನೀರನ್ನೇ ಸುತ್ತುತ್ತಿತ್ತು.

"ಸಾರ್, ಕೂಗಿದ್ದು ನಾನು" ಎಂದೆ, ನನ್ನ ಒಡಕು ದನಿಯಲ್ಲೇ.

ಬೈದಿದ್ದರೆ ಬದುಕುತ್ತಿದ್ದೆ. ಅವರು ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಇಷ್ಟು ವರ್ಷ ಸಂಸಾರ ಮಾಡಿ, ನನ್ನ ದನಿ ಯಾವ್ದು, ಇವನ ದನಿ ಯಾವ್ದು ಗೊತ್ತಾಗಲಿಲ್ಲೇನು ನಿನಗೆ?"

ಅಮ್ಮನವರು ಚಮಚ ಕೆಳಗಿಟ್ಟು ಎದ್ದರು.

"ಮೊಟ್ಟೆ ಇಟ್ಟಾವು ಅಂತ ಬೆಳಿಗ್ಗೆ ನೀವೇ ಒಂದು ಮಾತು ಹೇಳಿದ್ರೆ, ಇವನು ನಿಮ್ಮಪ್ಪಾರ ದನಿಯಲ್ಲಿ ಕೂಗಿದ್ರೂ ನಾ ಮುಟ್ಟತಿದ್ದಿಲ್ಲ."