ಪಾಷಾಣ ಸಹಿತ

ಓದುವುದಕ್ಕೆ ಕೂತಾಗ ಬಾಯಮ್ಮ ಎರಡು ಕನ್ನಡಕ ಹಾಕಿಕೊಳ್ಳುತ್ತಿದ್ದರು, ಒಂದರ ಮುಂದೊಂದು. ಹಿಂದಿನದು ಕಣ್ಣಿಗೆ ಒತ್ತಿಕೊಂಡಿರುತ್ತಿತ್ತು, ಮುಂದಿನದು ಮೂಗಿನ ತುದಿಯಲ್ಲಿ. ಮುಂದಿನದಕ್ಕೆ ಒಂದು ಕಡ್ಡಿ ಇರಲಿಲ್ಲ. ಆ ಜಾಗದಲ್ಲಿ ಒಂದು ರಬ್ಬರ್ ಬ್ಯಾಂಡು ಕಿವಿಗೆ ಸುತ್ತಿರುತ್ತಿತ್ತು. ಕೈಯಲ್ಲಿ ಶಾಲೆಯ ಮಕ್ಕಳ ಹಸಿರು ಸ್ಕೇಲು. ಅದನ್ನು ಸಾಲಿನ ಕೆಳಗಿಟ್ಟು, ಒಂದು ಸಾಲು ಓದಿ ಮುಗಿದ ಮೇಲೆ ಒಂದೇ ಒಂದು ಸಾಲು ಕೆಳಗಿಳಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಬಂದರೂ, ಯಜಮಾನರೇ ಬಂದು ನಿಂತರೂ, ಎಡಗೈ ಎತ್ತಿ ತೋರಿಸುತ್ತಿದ್ದರು: ನಿಲ್ಲಿ, ಸಾಲು ಮುಗಿಯಲಿ.

ಸಾಲ್ಮಿಯಾದಲ್ಲಿ ಒಂದು ಕುವೈತಿ ಕುಟುಂಬದ ಖಾಸಗಿ ಆಫೀಸು ನಮ್ಮದು. ಎರಡು ಕೋಣೆ, ಐದು ಜನ. ಯಜಮಾನರನ್ನು ಎಲ್ಲರೂ ಮುದೀರ್ ಎನ್ನುತ್ತಿದ್ದೆವು. ಈಕೆಯನ್ನು ಬಾಯಮ್ಮ ಎಂದು ಕರೆಯುವುದನ್ನು ನನಗೆ ಕಲಿಸಿದವನು ಉಡುಪಿ ಕಡೆಯ ನಮ್ಮ ಡ್ರೈವರ್. ಕರಾವಳಿಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ. ನಾನು ಚಾಮರಾಜನಗರದ ಕಡೆಯವಳು. ನಮ್ಮಲ್ಲಿ ಆ ಮಾತಿಲ್ಲ. ಆದರೆ ಕರೆದು ಕರೆದು ನನ್ನ ಬಾಯಿಗೂ ಅದೇ ಹತ್ತಿತು.

ಆಫೀಸಿನ ಕೆಲಸ ವಿಚಿತ್ರದ್ದು. ಮುದೀರರ ತಂದೆ ಬಹಳ ಹಿಂದೆ ಅಮೆರಿಕದಲ್ಲಿ ಒಂದು ದೊಡ್ಡ ಗೋಧಿ ಹೊಲ ಕೊಂಡಿದ್ದರು. ಅದರ ಅಡಿಯಲ್ಲಿ ಎಣ್ಣೆ, ಗ್ಯಾಸು. ಆ ಹೊಲದ ಮಟ್ಟಿಗೆ ನೆಲದಡಿಯದೂ ನೆಲದೊಡೆಯನದೇ. ತೆಗೆಯುವ ಕಂಪನಿಯವರು ತಿಂಗಳಿಗೊಮ್ಮೆ ಒಡೆಯನ ಪಾಲು ಕಳಿಸುತ್ತಾರೆ, ಜೊತೆಗೆ ಇಷ್ಟುದ್ದದ ಪಟ್ಟಿ. ಮುದೀರ್ ಅದನ್ನು ನೆನೆದು ನಗುತ್ತಿದ್ದರು. "ನನ್ನ ಮನೆಯ ಅಂಗಳದ ಕೆಳಗಿನ ಎಣ್ಣೆಯಲ್ಲಿ ಒಂದು ಹನಿಯೂ ನನ್ನದಲ್ಲ, ಅದು ದೇಶದ್ದು. ನಾನು ಎರಡೇ ಸಲ ನೋಡಿರುವ ಹೊಲದ ಕೆಳಗಿನದು ನನ್ನದು!" ಆ ಪಟ್ಟಿಗಳನ್ನು, ಕರಾರುಗಳನ್ನು ಮೂವತ್ತು ವರ್ಷ ಓದಿದವರು ಬಾಯಮ್ಮ. ಅವರ ಓದು ಎಸ್ಸೆಸ್ಸೆಲ್ಸಿ ಮತ್ತು ಟೈಪಿಂಗು.

ನಾನು ಬಿ.ಕಾಂ. ನಮ್ಮ ವಂಶದಲ್ಲಿ ಮೊದಲನೆಯವಳು. ಇದನ್ನು ನಾನು ಇವತ್ತಿಗೂ ತಗ್ಗಿಸಿ ಹೇಳುವುದಿಲ್ಲ. ಕಲ್ಲುಕ್ವಾರಿಯಲ್ಲಿ ಸುತ್ತಿಗೆ ಹಿಡಿದ ಅಪ್ಪ, ಅದೇ ಕ್ವಾರಿಯಲ್ಲಿ ಜಲ್ಲಿ ಹೊತ್ತ ಅವ್ವ, ಇಬ್ಬರೂ ಸೇರಿ ಓದಿಸಿದ ಡಿಗ್ರಿ ಅದು. ಕೆಲಸಕ್ಕೆ ಸೇರಿದ ದಿನ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಬಾಯಮ್ಮನ ಮುಂದಿಟ್ಟೆ. ಅವರು ಎರಡೂ ಕನ್ನಡಕ ಹಾಕಿ, ಮುಂದಿನ ಮುಖ ಒಂದು ಸಲ ನೋಡಿ, ತಿರುಗಿಸಿ ಹಿಂದೆ ಬಿದ್ದಿದ್ದ ಮುದ್ರೆಗಳನ್ನು ಸ್ಕೇಲಿಟ್ಟು ಓದಿದರು. ವಿಶ್ವವಿದ್ಯಾಲಯದ್ದು, ಸರ್ಕಾರದ್ದು, ಎಂಬೆಸಿಯದ್ದು, ಇಲ್ಲಿನದ್ದು.

"ಮುಂದೆ ಬರ್ದದ್ದು ನಿನ್ನ ಶ್ರಮ," ಅಂದರು. "ಹಿಂದೆ ಉಂಟಲ್ಲ ಮಾರಾಯ್ತಿ, ಅದು ನಿನ್ನನ್ನು ನಂಬದವರ ಶ್ರಮ. ಎರಡನ್ನೂ ಜೋಪಾನ ಮಾಡು."

ಅಂದಿನಿಂದ ನನ್ನ ಹೆಸರು ಗ್ರಾಜುಯೇಟಮ್ಮ. "ಗ್ರಾಜುಯೇಟಮ್ಮಾ, ಈ ಪಟ್ಟಿ ಒಮ್ಮೆ ನೋಡಿ ಕೊಡಿ ಆಯ್ತಾ" ಎಂದು ಬಹುವಚನದಲ್ಲಿ ಕರೆದರೆ ನಾನೇನೋ ತಪ್ಪು ಮಾಡಿದ್ದೇನೆ ಎಂದರ್ಥ.

ಆ ಪಟ್ಟಿಯಲ್ಲಿ ಮುದೀರರ ಪಾಲು ಎಂದರೆ ಒಂದು ಸೊನ್ನೆ, ಒಂದು ಬಿಂದು, ಆಮೇಲೆ ಎಂಟು ಅಂಕಿ. ಆ ಎಂಟು ಅಂಕಿಗಳನ್ನು ಬಾಯಮ್ಮ ಜಪಮಾಲೆಯ ಪ್ರಾರ್ಥನೆಯಂತೆ ಬಾಯಿಪಾಠ ಮಾಡಿದ್ದರು. ಒಂದು ತಿಂಗಳು ಆರನೆಯ ಅಂಕಿ ಬದಲಾಗಿ ಬಂತು. ನಾನು ನೋಡಿ ಸಹಿ ಮಾಡಿ ಕೊಟ್ಟಿದ್ದೆ. ಅವರು ಸ್ಕೇಲು ಅಲ್ಲೇ ನಿಲ್ಲಿಸಿ, "ಗ್ರಾಜುಯೇಟಮ್ಮಾ, ಬನ್ನಿ" ಅಂದರು. ಕಂಪನಿಗೆ ಮೂರು ಪತ್ರ ಹೋದವು. ಮೂರನೆಯದಕ್ಕೆ ಕಣ್ತಪ್ಪಾಗಿದೆ, ಸರಿಮಾಡಿದ್ದೇವೆ ಎಂದು ಉತ್ತರ ಬಂತು.

"ಕಳ್ಳರು!" ಅಂದೆ ನಾನು.

"ಛೆ, ಕಳ್ಳರಲ್ಲ. ಆದ್ರೆ ನೋಡು, ತೆಗೆಯುದು ಅವರು, ಅಳೆಯುದು ಅವರು, ಕೊಡುದೂ ಅವರೇ. ಅಂಥಲ್ಲಿ ಈ ಬದಿಯಲ್ಲಿ ಒಬ್ಬರಾದ್ರೂ ಸ್ಕೇಲು ಹಿಡ್ಕೊಂಡು ಕೂತಿರ್ಬೇಕು."

ಯಾವ ಕರಾರು ಬಂದರೂ ಅವರು ಕೇಳುತ್ತಿದ್ದುದು ಎರಡೇ ಪ್ರಶ್ನೆ. ಎಲ್ಲಿವರೆಗೆ? ಅಳೆಯುವುದು ಯಾರು? ಮೊದಲನೆಯದನ್ನು ಅವರಿಗೆ ಕಲಿಸಿದ್ದು ಮುದೀರರ ತಂದೆಯ ತಪ್ಪು. ಅವರು ಸಹಿ ಹಾಕಿದ ಹಳೆಯ ಕರಾರಿನಲ್ಲಿ ವರ್ಷದ ಲೆಕ್ಕವಿರಲಿಲ್ಲ, "ಎಣ್ಣೆ ಸಿಗುತ್ತಿರುವವರೆಗೆ" ಎಂದಿತ್ತು. ಈಗ ಆ ಹೊಲದ ಒಂದು ಮೂಲೆಯಲ್ಲಿ ಒಂದೇ ಒಂದು ಮುದಿ ಪಂಪು ತಲೆಯಾಡಿಸುತ್ತಾ ಒಂದಿಷ್ಟು ಎಣ್ಣೆ ಎತ್ತುತ್ತಿದೆ. ಅದು ನಿಲ್ಲದ ತನಕ ಇಡೀ ಹೊಲದಡಿಯದು ಕಂಪನಿಯ ಕೈಯಲ್ಲೇ. ಬೇರೆಯವರಿಗೆ ಕೊಡುವಂತಿಲ್ಲ, ಬಿಡಿಸಿಕೊಳ್ಳುವಂತಿಲ್ಲ. ಮುದೀರ್ ಆ ಪಂಪಿನ ಫೋಟೋ ತರಿಸಿ ಗೋಡೆಗೆ ಹಾಕಿಸಿದ್ದರು. ಬಾಯಮ್ಮ ಬೆಳಿಗ್ಗೆ ಬಂದವರೇ ಹಾಲಿಲ್ಲದ ಸುಲೈಮಾನಿ ಚಹಾ ಹಿಡಿದು ಅದಕ್ಕೆ ಹೇಳುತ್ತಿದ್ದರು, "ಎಂತ ಅಜ್ಜಾ, ಇವತ್ತೂ ಉಸಿರುಂಟಾ?"

ಇದೆಲ್ಲ ನನಗೆ ಪರರ ಹೊಲದ ಕಥೆಯಾಗಿತ್ತು. ನಾನೂ ನೆಲದೊಡತಿ ಎಂಬುದು ನೆನಪಿಗೇ ಬಂದಿರಲಿಲ್ಲ.

ನನ್ನ ಮದುವೆಯಲ್ಲಿ ಅಪ್ಪ ಎರಡು ಎಕರೆ ಜಮೀನನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದ. ಜಮೀನು ಎನ್ನುವುದು ಕಾಗದದ ಮಾತು. ಅದು ಬರೀ ಬಂಡೆ. ಒಂದು ಬದಿಯ ಹಾಸುಬಂಡೆಯ ಮೇಲೆ ಅವ್ವ ಹುರುಳಿ ಒಣಗಿಸುತ್ತಿದ್ದಳು, ಅಷ್ಟೇ ಅದರ ಬೆಳೆ. ಬೆಳೆಯುವ ಒಂದೂವರೆ ಎಕರೆಯನ್ನು ಅಣ್ಣನಿಗೆ ಕೊಟ್ಟಾಗಿತ್ತು. "ನಿಂಗೆ ಗಟ್ಟಿ ಆಸ್ತಿ ಕೊಟ್ಟಿವ್ನಿ ಕನವ್ವ, ಯಾವ ಗಾಳಿಗೂ ಹಾರಲ್ಲ," ಎಂದು ಅಪ್ಪ ನೆಂಟರನ್ನು ನಗಿಸಿದ್ದ.

ಆ ಬಂಡೆ ಬೆಲೆಬಾಳುವ ಕರಿಕಲ್ಲು ಎಂದು ಒಂದು ಕಂಪನಿಗೆ ಗೊತ್ತಾಯಿತು. ಅಣ್ಣ ಫೋನು ಮಾಡಿದ. ಎಂಟು ವರ್ಷದ ಬಾಡಿಗೆ ಕರಾರು, ವರ್ಷಕ್ಕಿಷ್ಟು ದುಡ್ಡು, ಸರ್ಕಾರಕ್ಕೆ ಕಟ್ಟುವ ರಾಜಧನವೆಲ್ಲ ಕಂಪನಿಯದೇ. ನಾನು ಗುರುವಾರ ಎಂಬೆಸಿಗೆ ಹೋಗಿ, ನನ್ನ ಪರವಾಗಿ ಆ ಕರಾರಿಗೆ ಸಹಿ ಹಾಕುವ ಅಧಿಕಾರವನ್ನು ಅವನಿಗೆ ಬರೆದುಕೊಟ್ಟರೆ ಸಾಕು. ಅವನು ಮುಂಗಡವನ್ನೂ ಇಸಿದುಕೊಂಡಿದ್ದ. ಕರಾರು ವಾಟ್ಸ್ಆ್ಯಪಿನಲ್ಲಿ ಬಂತು. ಓದಿದೆ. ಮೇಲೆ ದಪ್ಪಕ್ಷರದಲ್ಲಿ 'ಬಾಡಿಗೆ ಕರಾರು' ಎಂದೇ ಇತ್ತು. ಬುಧವಾರ ಮಧ್ಯಾಹ್ನ ಪ್ರಿಂಟು ತೆಗೆಯುತ್ತಿದ್ದಾಗ ಬಾಯಮ್ಮ ಕೈ ಚಾಚಿದರು.

"ಕನ್ನಡದ್ದಾ? ಕೊಡು, ಓದದೆ ವರ್ಷ ಎಷ್ಟಾಯ್ತೋ."

ಎರಡು ಕನ್ನಡಕ, ಸ್ಕೇಲು. ಎರಡನೆಯ ಪುಟದ ನಡುವೆ ಸ್ಕೇಲು ನಿಂತಿತು. ಅವರು ಗಟ್ಟಿಯಾಗಿ ಓದಿದರು: "ಸದರಿ ಜಮೀನನ್ನು ನಿಧಿ ನಿಕ್ಷೇಪ ಜಲ ತರು ಪಾಷಾಣ ಸಹಿತ, ಅವು ದೊರೆಯುವವರೆಗೆ, ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ." ಆಮೇಲೆ ತಲೆಯೆತ್ತಿ, "ಇದೆಂತ ಮಾರಾಯ್ತಿ, ಪಾಷಾಣ? ಇಲಿಗೆ ಹಾಕುದಾ?"

ನಾನು ನಕ್ಕುಬಿಟ್ಟೆ. "ಅಯ್ಯೋ ಬಾಯಮ್ಮ, ಅದು ಪತ್ರ ಬರೆಯೋರ ಮಂತ್ರ. ಎಲ್ಲಾ ಪತ್ರದಲ್ಲೂ ಇರ್ತದೆ. ನನ್ನ ದಾನಪತ್ರದಲ್ಲೂ ಇದೆ."

"ಅರ್ಥ?"

"ಅರ್ಥ ಏನಿಲ್ಲ. ಹಳೇ ಒಕ್ಕಣೆ."

"ನಿನಗೆ ಗೊತ್ತಿಲ್ಲವಾ, ಅರ್ಥ ಇಲ್ಲವಾ?"

ಮುಖಕ್ಕೆ ರಾಚಿದಂತಾಯಿತು. ಫೋನಿನಲ್ಲಿ ನಿಘಂಟು ತೆರೆದೆ. ಪಾಷಾಣ: ಕಲ್ಲು, ಬಂಡೆ. ಒಂದು ಬಗೆಯ ವಿಷ.

ಕಲ್ಲು.

ಆ ಎರಡು ಎಕರೆಯಲ್ಲಿ ಕಲ್ಲಲ್ಲದೆ ಇನ್ನೇನಿತ್ತು? ಅಪ್ಪ ನನಗೆ ಬರೆದುಕೊಟ್ಟಿದ್ದೇ ಆ ಒಂದು ಶಬ್ದವನ್ನು. ನಾನು ಅದನ್ನು ಮಂತ್ರ ಎಂದುಕೊಂಡು, ವರ್ಷದ ಬಾಡಿಗೆಗೆ, ಕೊನೆಯ ಚೂರು ಸಿಗುವವರೆಗೆ ಬರೆದುಕೊಡಲು ಹೊರಟಿದ್ದೆ. ಎಂಟು ವರ್ಷ ಎಂಬುದು ಬಾಡಿಗೆ ಎಷ್ಟೆಂದು ಹೇಳುವ ಸಾಲಿನಲ್ಲಿ ಮಾತ್ರ ಇತ್ತು. ಬಿಟ್ಟುಕೊಡುವ ಸಾಲಿನಲ್ಲಿ ಇರಲಿಲ್ಲ.

ಬಾಯಮ್ಮ ಗೋಡೆಯ ಮೇಲಿನ ಪಂಪನ್ನು ನೋಡಿದರು. "ನಮ್ಮ ಅಜ್ಜ ನಿಮ್ಮೂರಿಗೂ ಬಂದ ನೋಡು," ಅಂದರು. ಆಮೇಲೆ ಕನ್ನಡಕ ತೆಗೆದು, "ದುಡ್ಡು ಕೊಟ್ಟು ಯಾರೂ ಮಂತ್ರ ಟೈಪ್ ಮಾಡಿಸುದಿಲ್ಲ."

ಅಣ್ಣನಿಗೆ ಅಲ್ಲಿಂದಲೇ ಫೋನು ಮಾಡಿದೆ. ಗುರುವಾರ ಹೋಗುವುದಿಲ್ಲ ಎಂದೆ. ಅವನು ಕೂಗಾಡಿದ. "ಮುಂಗಡ ಇಸ್ಕೊಂಡಿವ್ನಿ, ಮಾನ ಕಳೀತೀಯಾ? ಯಾವಳೋ ಮಂಗ್ಳೂರವಳ ಮಾತು ಕೇಳ್ಕಂಡು... ನಿನ್ನ ಓದಿಸಿದ್ದೇ ತಪ್ಪಾಯ್ತು!" ಲೌಡ್‌ಸ್ಪೀಕರಿನಲ್ಲಿತ್ತು. ಬಾಯಮ್ಮ ಕೇಳಿಸಿಕೊಂಡು, ಬಾಯಿಗೆ ಬೆರಳಿಟ್ಟು, ಅಪ್ಪನಿಗೆ ಕೊಡಲು ಹೇಳು ಎಂದು ಸನ್ನೆ ಮಾಡಿದರು.

ಅಪ್ಪ ಬಂದ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು.

"ನಮಸ್ಕಾರ. ನೀವು ಕ್ವಾರಿಯಲ್ಲಿ ಕೆಲಸ ಮಾಡಿದ್ದು ಹೌದಾ?"

"ಊ ಕನಮ್ಮಾವ್ರೆ. ನಲವತ್ತೊರ್ಸ."

"ಅಲ್ಲಿ ಕಲ್ಲು ಅಳೆಯುದು ಯಾರು?"

"ಕಂಪ್ನಿ ಮೇಸ್ತ್ರಿ. ಟೇಪು ಅವರ ತಾವಿರದು. ನಾವು ಮುಟ್ಟಂಗಿಲ್ಲ."

"ನಿಮಗೆ ಟೇಪು ನೋಡ್ಲಿಕ್ಕೆ ಬರ್ತದಾ?"

"ಅಕ್ಸರ ಬರಕಿಲ್ಲ. ಅಂಕಿ ಬತ್ತದೆ. ಮೇಸ್ತ್ರಿ ತಪ್ಪು ಯೋಳುದ್ರೆ ದೂರದಿಂದ್ಲೇ ಗೊತ್ತಾಗದು. ಬಾಯ್ ಬುಡ್ತಿರ್ನಿಲ್ಲ ಅಷ್ಟೆ."

ಬಾಯಮ್ಮ ನನ್ನ ಕಡೆ ತಿರುಗಿದರು. "ಆಯ್ತಲ್ಲ. ಅಳೀಲಿಕ್ಕೆ ಜನ ಸಿಕ್ಕಿದ್ರು."

ಆ ಸಂಜೆ ಅವರು ಫಿಂಟಾಸಿನಲ್ಲಿದ್ದ ತಮ್ಮ ಮನೆಗೆ ಹೋಗಲಿಲ್ಲ. ನಾವಿಬ್ಬರೂ ಆಫೀಸಿನಲ್ಲೇ ಕೂತು ಒಂದು ಹಾಳೆ ಬರೆದೆವು. ಅವರು ಹೇಳಿದ್ದು, ನಾನು ಕನ್ನಡದಲ್ಲಿ ಬರೆದದ್ದು. ಐದು ವರ್ಷ, ಆಮೇಲೆ ನಿಂತಿತು. ಹಾಸುಬಂಡೆಯನ್ನು ಮುಟ್ಟುವಂತಿಲ್ಲ. ಹೋಗುವ ಒಂದೊಂದು ಕಲ್ಲಿಗೂ ಅಳತೆಯ ಮೇಲೆ ಒಡತಿಯ ಪಾಲು. ಅಳತೆ ಒಡತಿಯ ತಂದೆಯ ಎದುರಿಗೆ, ಅವರ ಟೇಪಿನಲ್ಲಿ. ಅವರಿಲ್ಲದೆ ಗಾಡಿ ಹೊರಡಬಾರದು. ಚಾಮರಾಜನಗರದ ಒಬ್ಬ ವಕೀಲರು ಅದನ್ನು ಕಾಯಿದೆಯ ಮಾತಿಗೆ ತಂದರು. ಕಂಪನಿಯವರು ನಾಲ್ಕು ತಿಂಗಳು ಬರಲಿಲ್ಲ. ಅಣ್ಣ ಅಷ್ಟೂ ದಿನ ನನ್ನ ಫೋನು ತೆಗೆಯಲಿಲ್ಲ. ಸುಳ್ಳೇಕೆ, ನಾನು ಬಾಯಮ್ಮನನ್ನು ಮನಸ್ಸಿನಲ್ಲಿ ಬೈದುಕೊಂಡ ದಿನಗಳೂ ಇವೆ. ಒಮ್ಮೆ ಹೇಳಿಯೂ ಬಿಟ್ಟೆ, ನಿಮ್ಮ ದೆಸೆಯಿಂದ ತವರು ಹೋಯಿತು ಎಂದು. ಅವರು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಟಿಫಿನ್ನಿನಿಂದ ಅವರ ಕಡೆಯ ಇಡ್ಲಿಯಂಥ ಒಂದು ಸಣ್ಣಾಣ ತೆಗೆದು ನನ್ನ ಮುಂದಿಟ್ಟು, "ತಿನ್ನು. ಓದಿದ್ದಕ್ಕೆ ಖರ್ಚು ಉಂಟು," ಅಂದರು.

ಐದನೆಯ ತಿಂಗಳು ಕಂಪನಿ ಬಂತು. ವರ್ಷ ಐದಿದ್ದದ್ದು ಆರಾಯಿತು, ಮಿಕ್ಕದ್ದು ಹಾಗೇ. ಅಣ್ಣನ ಮುಂಗಡ ಅದರಲ್ಲೇ ವಜಾ ಆಯಿತು. ಅವನು ನಿಧಾನಕ್ಕೆ ನನ್ನೊಡನೆ ಮಾತಿಗೆ ಬಂದ. ಅಪ್ಪ ಹೊಸ ಟೇಪು ಕೊಂಡ. ನಲವತ್ತು ವರ್ಷ ಮುಟ್ಟಬಾರದಾಗಿದ್ದ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಡೆಯ ಬಳಿ ಕೂತ. ಒಂದೊಂದು ಕಲ್ಲಿನ ಮೇಲೂ ಸೀಮೆಸುಣ್ಣದಲ್ಲಿ ಅಂಕಿ ಬರೆದು ಫೋಟೋ ಕಳಿಸುತ್ತಿದ್ದ. ಅವನ ಏಳು ಒಂದರ ಹಾಗೆ ಕಾಣುತ್ತಿತ್ತು. ಬಾಯಮ್ಮ ಆ ಫೋಟೋಗಳನ್ನೂ ಎರಡು ಕನ್ನಡಕದಲ್ಲಿ ನೋಡಿ, "ನಿನ್ನ ಅಪ್ಪನಿಗೆ ಏಳರ ನಡುವೆ ಒಂದು ಗೀಟು ಹಾಕ್ಲಿಕ್ಕೆ ಹೇಳು," ಅಂದರು. ಅಂದಿನಿಂದ ನಮ್ಮೂರಿನ ಕರಿಕಲ್ಲಿನ ಮೇಲಿನ ಏಳಕ್ಕೆ ನಡುವೆ ಗೀಟು.

ಕಳೆದ ವರ್ಷ ಬಾಯಮ್ಮ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಸಿ ಊರಿಗೆ ಹೋದರು. ಹೋಗುವ ದಿನ ಗೋಡೆಯ ಪಂಪಿಗೆ, "ನಾನು ಖಲಾಸ್ ಅಜ್ಜಾ, ನಿನ್ನದು ನೀನು ನೋಡಿಕೋ," ಎಂದು ಕೈಮುಗಿದರು. ಎಂಟು ತಿಂಗಳೂ ಇರಲಿಲ್ಲ. ಒಂದು ಬೆಳಿಗ್ಗೆ ಅವರ ಮಗಳು ಮಂಗಳೂರಿನಿಂದ ಫೋನು ಮಾಡಿದಳು. ಸಂಜೆ ನಾಲ್ಕಕ್ಕೆ ಇಗರ್ಜಿಯಲ್ಲಿ ಪೂಜೆ, ಆಮೇಲೆ ಮಣ್ಣು.

ಹೋಗುವುದು ನನ್ನಿಂದಾಗಲಿಲ್ಲ. ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅವನು ಅವರನ್ನು ಕಂಡವನೇ ಅಲ್ಲ; ಆ ಒಂದು ಬುಧವಾರ ಫೋನಿನಲ್ಲಿ ಆಡಿದ ಮಾತಷ್ಟೆ. "ಊ" ಅಂದ. ಎಷ್ಟು ಹೊತ್ತಿಗೆ ಮಣ್ಣು ಎಂದು ಕೇಳಿದ. ಇಟ್ಟುಬಿಟ್ಟ.

ಆ ದಿನ ಒಂದೂ ಫೋಟೋ ಬರಲಿಲ್ಲ. ಏನಾಯಿತೋ ಎಂದು ಸಂಜೆ ನಾನೇ ಮಾಡಿದೆ.

"ಮೂರು ಗಾಡಿ ಬಂದಿದ್ದೊ ಕನವ್ವ," ಅಂದ. "ನಾಳಿಕ್ ಬನ್ನಿ, ಇವತ್ತು ಅಳೆಯೋರು ಇಲ್ಲ ಅಂತ ಯೋಳಿ ಕಳಿಸ್ಬುಟ್ಟೆ."