ನಿಧಾನವಾಗಿ ಇಳಿಯಬೇಕಾದ ಮದ್ದು

ಮಾವಳ್ಳಿಯ ಆ ಕೇರಿಯಿಂದ ನರ್ಸಿಂಗ್ ಓದಿದವರಲ್ಲಿ ಸುಚಿತಾಳೇ ಮೊದಲಿಗಳು. ಈಗ ಹೊನ್ನಾವರದ ಚಿಕ್ಕ ಆಸ್ಪತ್ರೆಯೊಂದರಲ್ಲಿ ಕೆಲಸ. ತಾಯಿ ನಾಗಿ ಬುಟ್ಟಿ ಹೊತ್ತು ಮೀನು ಮಾರುವವಳು. ಸುಸ್ತಾದಾಗ ಗ್ಲೂಕೋಸ್ ಏರಿಸಿಕೊಳ್ಳುವುದು ಕೇರಿಯ ಹೆಂಗಸರ ರೂಢಿ. ಮೀನು ಹಾಳಾದೀತೆಂದು ನಳಿಗೆಯ ಚಕ್ರವನ್ನು ತಾವೇ ತಿರುಗಿಸಿ ಬಾಟ್ಲಿ ಬೇಗ ಇಳಿಸಿಕೊಳ್ಳುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಅಣ್ಣ ವಿನೋದ ಜ್ವರದ ಮಗಳನ್ನು ಎತ್ತಿಕೊಂಡು ಸುಚಿತಾಳ ಆಸ್ಪತ್ರೆಗೇ ಓಡಿ ಬಂದ, ಹಿಂದೆಯೇ ನಾಗಿಯೂ ಬಂದಳು. ಮಗುವಿಗೆ ಫಿಟ್ಸ್. ಮೊದಲ ಇಂಜೆಕ್ಷನ್ನಿಗೆ ನಿಂತದ್ದು ಮತ್ತೆ ಬಂತು. ಡಾಕ್ಟರು ಎರಡನೆಯ ಮದ್ದು ಹೇಳಿದರು. ಅದು ಬೇಗ ಹೋದರೆ ಹೃದಯಕ್ಕೇ ಪೆಟ್ಟು. ಸುಚಿತಾ ಮಗುವಿನ ತೂಕ ನೋಡಿ ಲೆಕ್ಕ ಹಾಕಿದಳು, ಜೊತೆಯ ನರ್ಸ್ ರೇಖಾಳಿಂದ ಇನ್ನೊಮ್ಮೆ ಹಾಕಿಸಿದಳು. ಸಲೈನಿನಲ್ಲಿ ಬೆರೆಸಿ, ಎದೆಬಡಿತ ತೋರಿಸುವ ಯಂತ್ರ ಜೋಡಿಸಿ, ಹನಿಹನಿಯಾಗಿ ಬಿಟ್ಟಳು. ವಿನೋದ ಮಣಿಪಾಲಕ್ಕೆ ಗಾಡಿ ಗೊತ್ತುಮಾಡಲು ಹೊರಗೆ ಹೋದ.

“ಇಷ್ಟು ಸಣ್ಣ ಬಾಟ್ಲಿಗೆ ಇಷ್ಟು ಹೊತ್ತನಾ?” ಎಂದಳು ನಾಗಿ. “ನಿಂಗೆ ಮೀನು ಹೆಚ್ಚುಕೂ ನಿಧಾನ, ಮದ್ದು ಕೊಡುಕೂ ನಿಧಾನ.”

“ಇದು ನಿನ್ನ ಗ್ಲೂಕೋಸ್ ಅಲ್ಲ ಅಮ್ಮ. ಸುಮ್ನೆ ಕೂಕೋ.”

ಪಕ್ಕದ ಹಾಸಿಗೆಯಿಂದ ಡಾಕ್ಟರು ಕರೆದರು. ಮದ್ದು ಇಳಿಯುವಾಗ ಮಗುವಿನ ಬದಿ ಬಿಡಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ, “ಅಮ್ಮ, ಮಗು ಕೈ ಅಲುಗದ ಹಾಗೆ ಹಿಡಕೋ” ಎಂದು ಹೇಳಿ ಎದ್ದಳು.

ಯಂತ್ರ ಕೂಗಿತು. ತಿರುಗಿದರೆ ನಾಗಿಯ ಕೈ ಚಕ್ರದ ಮೇಲಿತ್ತು, ಮದ್ದು ಧಾರೆಯಾಗಿ ಇಳಿಯುತ್ತಿತ್ತು, ಎದೆಬಡಿತ ಕುಸಿಯುತ್ತಿತ್ತು. ಸುಚಿತಾ ಓಡಿಬಂದು ತಾಯಿಯ ಕೈ ಸರಿಸಿ ಚಕ್ರ ಬಿಗಿದಳು. ಅದೇ ಗಳಿಗೆಗೆ ವಿನೋದ ಒಳಗೆ ಬಂದ. ಅವನ ಕಣ್ಣಿಗೆ ಬಿದ್ದದ್ದು ಚಕ್ರದ ಮೇಲಿದ್ದ ತಂಗಿಯ ಕೈ.

“ಎಂತ ಮಾಡ್ದೆ ಮಾರಾಯ್ತಿ ನನ್ನ ಮಗುಗೆ?”

ಸುಚಿತಾ ತಾಯಿಯ ಮುಖ ನೋಡಿದಳು. ನಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಬೇಗ ಹೋಗ್ಬಿಟ್ತು, ಅಣ್ಣಾ,” ಎಂದಳು ಸುಚಿತಾ.

ಡಾಕ್ಟರು ಮಗುವಿನ ಜೀವ ಉಳಿಸಿದರು. ನಡೆದದ್ದನ್ನು ಸುಚಿತಾ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು, ಮನೆಯಲ್ಲಿ ಹೇಳಲಿಲ್ಲ. ವಿನೋದ ಈಗ ಮಗುವಿನ ಲಸಿಕೆಗೂ ಕುಮಟೆಗೆ ಹೋಗುತ್ತಾನೆ. ಸುಚಿತಾ ಕೈಚಾಚಿದರೆ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಾನೆ.

ಮೊನ್ನೆ ಕೇರಿಯ ಹೆಂಗಸರು ಅಂಗಳದಲ್ಲಿ ಅದೇ ಮಾತು ತೆಗೆದಿದ್ದರು. ಒಳಗಿದ್ದ ಸುಚಿತಾಳಿಗೆ ತಾಯಿಯ ದನಿ ಸ್ಪಷ್ಟವಾಗಿ ಕೇಳಿಸಿತು.

“ಪಾಪ, ಅವ್ಳು ಬೇಕಂದೇ ಮಾಡ್ದದ್ದಲ್ಲ.”