ಹುಳು ಮನೆಯಿಂದ ಒಂದು ಗಂಟೆ ಲೈವ್

ಮಂಡ್ಯದ ಕಾಲೇಜಿನಲ್ಲಿ ಪತ್ರಿಕೋದ್ಯಮ ಎಂ.ಎ. ಓದುವಾಗ ಎರಡನೇ ವರ್ಷಕ್ಕೆ ಡಿಜಿಟಲ್ ಮಾಧ್ಯಮ ಅಂತ ಒಂದು ವಿಷಯ ಇತ್ತು. ಅದರಲ್ಲಿ ನನಗೆ ಕಲಿಯುವುದೇನೂ ಇಲ್ಲ ಅಂದುಕೊಂಡೇ ಮೊದಲ ದಿನ ತರಗತಿಗೆ ಹೋಗಿದ್ದೆ. ನಮ್ಮೂರು ಮಳವಳ್ಳಿಯಿಂದ ಶಿವನಸಮುದ್ರದ ದಾರಿಯಲ್ಲಿ ಸ್ವಲ್ಪ ಒಳಕ್ಕೆ. ದಿನಾ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಹೋಗ್ತಾ ಬರ್ತಾ ಫೋನಿನಲ್ಲಿ ನಾನು ನೋಡದ ವಿಡಿಯೋ ಇರಲಿಲ್ಲ. ಇಷ್ಟೆಲ್ಲ ನೋಡಿದವಳಿಗೆ ಇನ್ನೇನು ಹೇಳಿಕೊಡುತ್ತಾರೆ ಅನ್ನುವ ಧಿಮಾಕು.

ಪಾಠ ಮಾಡಲು ಬಂದ ಮೇಡಂ ನಮಗಿಂತ ಆರೇಳು ವರ್ಷ ದೊಡ್ಡವರಿರಬಹುದು. ಪುಸ್ತಕ ತೆಗೆಯಲಿಲ್ಲ. ನೀವು ನೋಡುವ ವಿಡಿಯೋ ನಿಮ್ಮ ಫೋನಿಗೆ ಬರುವ ಮೊದಲು ಎಲ್ಲಿತ್ತು, ಒಂದು ಮುಗಿದ ಮೇಲೆ ಇನ್ನೊಂದು ಯಾವುದು ಬರಬೇಕು ಅಂತ ಯಾರು ತೀರ್ಮಾನ ಮಾಡಿದರು, ಚಿತ್ರ ಮಸುಕಾಗಿ ಮತ್ತೆ ತಿಳಿಯಾಗುವುದು ಯಾಕೆ ಅಂತ ಕೇಳಿದರು. ನಾನು ನೋಡಿದ್ದೆ ಅಷ್ಟೆ, ಏನನ್ನು ನೋಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲ.

ಆಮೇಲಿನ ಎರಡು ತಿಂಗಳು ನನಗೆ ಓದಿನ ರುಚಿ ಹತ್ತಿತು. ವಿಡಿಯೋ ಒಂದೇ ಧಾರೆಯಾಗಿ ಬರುವುದಿಲ್ಲ, ಕೆಲವು ಸೆಕೆಂಡಿನ ತುಂಡುಗಳಾಗಿ ಬರುತ್ತದೆ, ಸಿಗ್ನಲ್ ಕಡಿಮೆಯಾದಾಗ ಫೋನು ತಾನೇ ಕಳಪೆ ತುಂಡನ್ನು ಕೇಳಿ ತರಿಸಿಕೊಳ್ಳುತ್ತದೆ, ಲೈವ್ ಅನ್ನುವುದು ಕೂಡ ಹತ್ತು ಹದಿನೈದು ಸೆಕೆಂಡು ಹಳೆಯದು ಅಂತೆಲ್ಲ ತಿಳಿಯಿತು. ಒಂದು ಸಂಜೆ ಬಸ್ಸಿನಲ್ಲಿ ಇಬ್ಬರು ಎರಡು ಫೋನಿನಲ್ಲಿ ಒಂದೇ ಕ್ರಿಕೆಟ್ ಮ್ಯಾಚು ನೋಡುತ್ತಿದ್ದರು. ಒಬ್ಬನ ಫೋನಿನಲ್ಲಿ ವಿಕೆಟ್ ಬಿದ್ದಾಗ ಇನ್ನೊಬ್ಬನದರಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ. ಎರಡನೆಯವನು ಮೊದಲನೆಯವನ ಮೇಲೆ ರೇಗಿದ. ಯಾಕೆ ಹಾಗಾಯಿತು ಅಂತ ಇಡೀ ಬಸ್ಸಿನಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಮಳವಳ್ಳಿ ಬರುವವರೆಗೂ ಅದೇ ಖುಷಿಯಲ್ಲಿ ಕೂತಿದ್ದೆ.

ಸೆಮಿಸ್ಟರ್ ಕೊನೆಗೆ ಮೇಡಂ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಗಂಟೆ ಲೈವ್ ಮಾಡಬೇಕು. ಎಲ್ಲೂ ಕತ್ತರಿಸುವಂತಿಲ್ಲ. ಕನಿಷ್ಠ ಹತ್ತು ಜನ ನೋಡಬೇಕು, ಅವರಲ್ಲಿ ಅರ್ಧ ಜನವಾದರೂ ನಮ್ಮ ತರಗತಿಯ ಹೊರಗಿನವರಾಗಿರಬೇಕು. ಹಾಗಾಗಿ ಎಲ್ಲರೂ ಎಲ್ಲರ ಲಿಂಕನ್ನೂ ಮನೆಯವರ ಗ್ರೂಪಿಗೆ, ನೆಂಟರ ಗ್ರೂಪಿಗೆ ಹಾಕುವುದು ಅಂತ ಮಾತಾಯಿತು.

ನಾನು ಶಿವನಸಮುದ್ರವನ್ನು ಆರಿಸಿಕೊಂಡೆ. ಹೊಳೆ ತುಂಬಿ ಬರುತ್ತಿದ್ದ ಕಾಲ. ಧುಮುಕುವ ನೀರು ಹಿಂದೆ, ನಾನು ಮುಂದೆ, ಬಾಯಲ್ಲಿ ಹಳೆಯ ವಿದ್ಯುತ್ ಕೇಂದ್ರದ ಕಥೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಮಾತನ್ನೆಲ್ಲ ಬಾಯಿಪಾಠ ಮಾಡಿದ್ದೆ. ಅಲ್ಲಿ ನಿಂತು ಇಪ್ಪತ್ತು ನಿಮಿಷ ಒಮ್ಮೆಯೂ ತಡವರಿಸದೆ ಮಾತಾಡಿದೆ. ಆಮೇಲೆ ನೋಡಿದರೆ ಸಿಗ್ನಲ್ ಸತ್ತು ಲೈವ್ ಮೂರನೇ ನಿಮಿಷಕ್ಕೇ ನಿಂತುಹೋಗಿತ್ತು. ಉಳಿದದ್ದನ್ನೆಲ್ಲ ನಾನು ಹೊಳೆಗೆ ಹೇಳಿದ್ದೆ. ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿದ್ದ ಚಿತ್ರವನ್ನು ಗೆಳೆಯರು ಉಳಿಸಿಕೊಂಡು ನನಗೇ ಕಳಿಸಿದರು. ನೆಟ್‌ವರ್ಕ್ ನೋಡಿ ಜಾಗ ಆರಿಸಬೇಕು ಅನ್ನುವುದು ಲೈವಿನ ಮೊದಲ ಪಾಠದಲ್ಲೇ ಇತ್ತು. ನಾನು ಜಾಗ ನೋಡಿ ಆರಿಸಿದ್ದೆ.

ಒಪ್ಪಿಸಲು ಉಳಿದದ್ದು ನಾಲ್ಕು ದಿನ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಅವು ಗೂಡು ಕಟ್ಟಲು ಹಣ್ಣಾಗುವವರೆಗೆ ತಿನ್ನುತ್ತಲೇ ಇರುತ್ತವೆ. ಅಪ್ಪ ಕಡ್ಡಿ ಸಮೇತ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದಷ್ಟೂ ಸಾಲದು. ಆ ಸಂಜೆ ಅವ್ವನ ಜೊತೆ ಹುಳು ಮನೆಯಲ್ಲಿ ಸೊಪ್ಪು ಹರಡಿ, ಬೆನ್ನು ನೆಟ್ಟಗೆ ಮಾಡಲು ಬಾಗಿಲ ಹತ್ತಿರ ಕೂತೆ. ಅಷ್ಟೂ ಹುಳು ಒಟ್ಟಿಗೆ ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ ಇರುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅವತ್ತು ಮಾತ್ರ ಇದನ್ನೇ ಒಂದು ಗಂಟೆ ತೋರಿಸಿದರೆ ಹೇಗೆ ಅನ್ನಿಸಿತು. ಹುಳು ಮನೆಯ ಕಿಟಕಿಯ ಬಳಿ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು.

ಅವ್ವ ಒಪ್ಪಲಿಲ್ಲ. ಊರಿನವರ ಕಣ್ಣೆಲ್ಲ ಹುಳದ ಮೇಲೆ ಬೀಳುವುದು ಅವಳಿಗೆ ಬೇಕಿರಲಿಲ್ಲ. ನೋಡುವವರು ಎಲ್ಲೋ ದೂರ ಇರುತ್ತಾರೆ, ಫೋನಿನಲ್ಲಿ ನೋಡುತ್ತಾರೆ ಅಂತ ಸಮಾಧಾನ ಹೇಳಿದೆ.

"ಅಲ್ಲಿಂದ್ಲೂ ನೋಡೋದು ಕಣ್ಣಲ್ಲೇ ತಾನೆ?" ಅಂದಳು.

ಎರಡು ದಿನ ಬೆನ್ನು ಬಿಡದೆ ಕಾಡಿದ ಮೇಲೆ ಷರತ್ತು ಹಾಕಿ ಒಪ್ಪಿಕೊಂಡಳು. ಹೊರಗಿನವರು ಯಾರೂ ಒಳಗೆ ಬರಬಾರದು. ಜೋರು ಲೈಟು ಹಾಕಬಾರದು. ತನ್ನ ಮುಖ ಎಲ್ಲೂ ಕಾಣಬಾರದು.

ಲೈವಿನ ಹಿಂದಿನ ದಿನ ಪರೀಕ್ಷೆಗೆಂದು ಐದು ನಿಮಿಷ ಮಾಡಿ ನೋಡಿದೆ. ಚಿತ್ರ ಚೆನ್ನಾಗಿ ಬಂದಿತ್ತು, ಸದ್ದೇ ಇರಲಿಲ್ಲ. ನಾನು ಕೆಮ್ಮಿದ್ದು, ಹೊರಗೆ ಎಮ್ಮೆ ಕೂಗಿದ್ದು ಎಲ್ಲ ಇದೆ, ಹುಳು ತಿನ್ನುವುದು ಮಾತ್ರ ಇಲ್ಲ. ಸ್ವಲ್ಪ ಹೊತ್ತು ತಲೆ ಕೆಟ್ಟಿತು. ಆಮೇಲೆ ತರಗತಿಯಲ್ಲಿ ಹೇಳಿದ್ದು ನೆನಪಾಯಿತು. ಒಂದೇ ಸಮನೆ ಬರುವ ಸದ್ದನ್ನು ಫೋನು ಫ್ಯಾನಿನ ಸದ್ದೋ ಗಾಳಿಯ ಸದ್ದೋ ಅಂದುಕೊಂಡು ಗದ್ದಲವೆಂದು ಅಳಿಸಿಹಾಕುತ್ತದೆ. ಸೆಟ್ಟಿಂಗಿನಲ್ಲಿ ಆ ವ್ಯವಸ್ಥೆಯನ್ನು ಹುಡುಕಿ ತೆಗೆದೆ. ಹಳೆಯ ವೈರಿನ ಇಯರ್‌ಫೋನನ್ನು ಫೋನಿಗೆ ಸಿಕ್ಕಿಸಿ, ಅದರ ಮೈಕನ್ನು ಸೊಪ್ಪಿನ ಕಡ್ಡಿಗೆ ದಾರದಲ್ಲಿ ಕಟ್ಟಿದೆ. ಈ ಸಲ ಕಿವಿಯ ಪಕ್ಕದಲ್ಲೇ ತಿಂದ ಹಾಗೆ ಕೇಳಿತು. ಹೇಳಿಕೊಟ್ಟವರು ಜೊತೆಯಲ್ಲಿ ಇಲ್ಲದಾಗ ನಾನೇ ಸರಿಮಾಡಿದ ಮೊದಲ ಕೆಲಸ ಅದು.

ಭಾನುವಾರ ನಾಲ್ಕು ಗಂಟೆಗೆ ಅವ್ವ ಸೊಪ್ಪು ಹಾಕಿದಳು. ನನ್ನ ಫೋನನ್ನು ಕಿಟಕಿಯ ಸರಳಿಗೆ ಬಿಗಿದು, ಅಂತಸ್ತು ಅಂತಸ್ತಾಗಿ ಹುಳು ಹರಡಿದ ಅಟ್ಟಣೆಯ ನಡುವಿನ ಸಾಲು ಕಾಣುವ ಹಾಗೆ ತಿರುಗಿಸಿ ಲೈವ್ ಶುರು ಮಾಡಿದೆ. ಅಪ್ಪನ ಫೋನು ಹಿಡಿದು ಪಕ್ಕದಲ್ಲಿ ಕೂತೆ, ಬರುವ ಕಾಮೆಂಟು ಓದಲು. ಅವ್ವ ಕ್ಯಾಮೆರಾದ ಹಿಂದೆ ಗೋಡೆಗೆ ಒರಗಿ ಕೂತಳು. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರನ್ನು ಹಿಡಿದಿಡಬೇಕು ಅಂತ ನಾವು ಓದಿದ್ದೆವು. ನನ್ನದರಲ್ಲಿ ಹಸಿರು ಸೊಪ್ಪು ನಿಧಾನಕ್ಕೆ ಕಡಿಮೆಯಾಗುವುದು ಬಿಟ್ಟರೆ ಏನೂ ಇರಲಿಲ್ಲ.

ಆದರೂ ಬಂದವರು ಹೋಗಲಿಲ್ಲ. ಹೊರಗೆ ಮಳೆಯಾ ಅಂತ ಒಬ್ಬರು ಕೇಳಿದರು. ಎಷ್ಟು ದಿನ ತಿನ್ನುತ್ತವೆ ಅಂತ ಇನ್ನೊಬ್ಬರು. ನಾನು ಮೆಲ್ಲಗೆ ಉತ್ತರ ಹೇಳುತ್ತಿದ್ದೆ. ಹೇಳಿದ್ದೆಲ್ಲ ಅರ್ಧಂಬರ್ಧ. ಹಿಂದಿನಿಂದ ಅವ್ವ ತಿದ್ದತೊಡಗಿದಳು. ಸ್ವಲ್ಪ ಹೊತ್ತಿಗೆ ನಾನು ಪ್ರಶ್ನೆ ಓದುವುದು, ಅವಳು ಉತ್ತರ ಕೊಡುವುದು ಅಂತಾಯಿತು. ಮುಖ ಕಾಣದ ಧೈರ್ಯಕ್ಕೆ ಅವಳ ದನಿಯೂ ಬಿಗಿ ಬಿಟ್ಟಿತ್ತು.

ಅರ್ಧ ಗಂಟೆ ಆಗಿರಬೇಕು, ಒಂದು ಕಾಮೆಂಟು ಬಂತು. ಅಂಚಿನ ಕಡೆ ಓಡಾಡುತ್ತಿರುವ ಹುಳ ನೋಡಿ, ಸೊಪ್ಪು ತಿನ್ನುತ್ತಿಲ್ಲ, ಮೈ ಉಬ್ಬಿ ಹೊಳೆಯುತ್ತಿದೆ, ಹಾಲು ತೊಂಡೆ ಇರಬಹುದು ಅಂತ. ಹಾಲು ತೊಂಡೆ ಹುಳದ ರೋಗ. ಒಂದು ಹುಳದ ಮೈ ಒಡೆದು ಹಾಲಿನಂಥ ನೀರು ಸೊಪ್ಪಿಗೆ ಬಿದ್ದರೆ ಸುತ್ತಲಿನವಕ್ಕೂ ಅಂಟುತ್ತದೆ. ಮನೆಯಲ್ಲಿ ಆ ಹೆಸರನ್ನು ಸುಮ್ಮನೆ ಎತ್ತುವವರಿಲ್ಲ. ನಾನು ದನಿ ತಗ್ಗಿಸಿ ಓದಿದೆ. ಅವ್ವ ಗೋಡೆ ಬಿಟ್ಟು ಮುಂದಕ್ಕೆ ಬಗ್ಗಿದಳು.

"ಯಾರದು ಏಳಿದ್ದು?"

ಯಾರೋ ಹೆಂಗಸಿನ ಹೆಸರಿದೆ, ಯಾರು ಅಂತ ಗೊತ್ತಿಲ್ಲ ಅಂದೆ. ಅವಳು ಎದ್ದು ಸೀದಾ ಕ್ಯಾಮೆರಾದ ಮುಂದೆ ಹೋಗಿ ಅಟ್ಟಣೆಗೆ ಬಗ್ಗಿದಳು. ಷರತ್ತು ಅವಳಿಗೂ ಮರೆತಿತ್ತು, ನನಗೂ ಮರೆತಿತ್ತು. ಒಂದು ಹುಳ ಎತ್ತಿದಳು. ಅದಲ್ಲ ಅಂತ ಕಾಮೆಂಟು ಬಂತು. ಅಷ್ಟರಲ್ಲಿ ಅವಳು ಎರಡನೆಯದನ್ನು ಎತ್ತಿದ್ದಳು. ಅದೇ, ಅದೇ ಅಂತ ಬಂತು. ಆ ಹೊತ್ತಿಗೆ ಅವಳ ಕೈಯಲ್ಲಿದ್ದದ್ದು ಮೂರನೆಯದು. ಇಬ್ಬರೂ ಗೊಂದಲಕ್ಕೆ ಬಿದ್ದರು. ಆಗ ನನಗೆ ಹೊಳೆಯಿತು. ಆ ಕಡೆಯವರು ನೋಡುತ್ತಿರುವುದು ಹದಿನೈದು ಸೆಕೆಂಡು ಹಿಂದಿನ ಅವ್ವನನ್ನು.

"ಅವ್ವ, ಒಂದೊಂದ್ನೇ ಬೆರಳಲ್ಲಿ ತೋರ್ಸಿ ಅಂಗೇ ಇಡ್ಕೊ. ನಾನು ಇಪ್ಪತ್ತು ಎಣಿಸ್ತೀನಿ. ನಾನ್ ಏಳೋವರ್ಗೂ ಕೈ ತೆಗೀಬ್ಯಾಡ."

ಯಾಕೆ ಅಂತ ಅವಳು ಕೇಳಲಿಲ್ಲ. ಹೇಳಿದ ಹಾಗೆ ಮಾಡಿದಳು. ಎಣಿಸುತ್ತಾ ಹೋದೆ. ಎರಡನೇ ಸಲಕ್ಕೆ ಹೌದು ಅಂತ ಉತ್ತರ ಬಂತು. ಅವ್ವ ಆ ಹುಳವನ್ನು ಅಂಗೈಗೆ ಹಾಕಿಕೊಂಡು ಕಾಲು ಚಿವುಟಿದಳು. ಹಾಲಿನಂಥ ಬೆಳ್ಳಗಿನ ಹನಿ ಬಂತು.

"ಆಲೇ ಕಣವ್ವ," ಅಂದಳು. ಅವಳ ದನಿ ಆಗ ಬೇರೆಯಾಗಿತ್ತು.

ಲೈವ್ ನಿಲ್ಲಿಸಲಾ ಅಂತ ಕೇಳಿದೆ.

"ಬ್ಯಾಡ. ಆವಮ್ಮ ನೋಡ್ತಾ ಇರ್ಲಿ. ಇನ್ನೂ ಎಲ್ಲೆಲ್ಲಿ ಅವೋ ಏಳ್ಲಿ."

ಫೋನನ್ನು ಕಿಟಕಿಯಿಂದ ಬಿಚ್ಚಿ ಕೈಯಲ್ಲಿ ಹಿಡಿದೆ. ಅಟ್ಟಣೆಯ ಒಂದೊಂದು ಸಾಲನ್ನೂ ಮೊಳದಷ್ಟು ಮೊಳದಷ್ಟೇ ತೋರಿಸುತ್ತಾ, ಪ್ರತಿ ಜಾಗದಲ್ಲೂ ಇಪ್ಪತ್ತು ಎಣಿಸುತ್ತಾ ಹೋದೆ. ಅವ್ವನ ಕಣ್ಣಿಗೆ ಬಿದ್ದವು ಕೆಲವು, ಆ ಕಡೆಯವರು ಹೇಳಿದ್ದು ಕೆಲವು. ಎಲ್ಲವನ್ನೂ ಸುಣ್ಣದ ನೀರಿನ ಮಡಕೆಗೆ ಹಾಕಿದೆವು. ಹೆಚ್ಚಿನವು ಮೇಲಿನ ಸಾಲಿನ ಒಂದೇ ಮೂಲೆಯಲ್ಲಿದ್ದವು. ಒಂದು ಗಂಟೆಯ ಲೈವ್ ಎರಡು ಗಂಟೆ ನಡೆಯಿತು, ಫೋನಿನ ಬ್ಯಾಟರಿ ಮುಗಿಯುವವರೆಗೆ.

ಆಮೇಲೆ ಅಪ್ಪನ ಫೋನಿಗೆ ಕರೆ ಬಂತು. ಕಾಮೆಂಟು ಹಾಕಿದ್ದವರೇ ಮಾತಾಡಿದರು, ಚಿಕ್ಕರಸಿನಕೆರೆಯವರು, ನನ್ನ ಸಹಪಾಠಿಯೊಬ್ಬಳ ಸೋದರತ್ತೆ, ನಂಬರನ್ನು ಅವಳಿಂದ ಪಡೆದಿದ್ದರು. ಅವಳು ಮನೆಯ ಗ್ರೂಪಿಗೆ ಹಾಕಿದ್ದ ಲಿಂಕನ್ನು ಕೆಲಸ ಮುಗಿಸಿ ಕೂತಾಗ ಒತ್ತಿದ್ದರಂತೆ. ಇವರೂ ಬಹಳ ವರ್ಷದಿಂದ ಹುಳು ಸಾಕುವವರು. ಒಂದು ಬೆಳೆ ಪೂರ್ತಿ ಇದೇ ರೋಗಕ್ಕೆ ಕಳೆದುಕೊಂಡ ಮೇಲೆ ಅಂಚಿನಲ್ಲಿ ಓಡಾಡುವ ಹುಳ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ ಅಂದರು. ಮೇಲಿನ ಸಾಲನ್ನು ಬೇರೆ ಮಾಡುವುದು, ಹಳೆ ಸೊಪ್ಪು ತೆಗೆದು ರೋಗ ತಡೆಯುವ ಪೌಡರ್ ಎರಚುವುದು, ಕಿಟಕಿ ತೆರೆದು ಗಾಳಿ ಆಡಿಸುವುದು ಅಂತ ಒಂದೊಂದಾಗಿ ಹೇಳಿದರು. ಅವ್ವ ಅವರನ್ನು ಅಕ್ಕ ಅಂದಳು. ಫೋನಿನಲ್ಲಿ ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಮೇಲಿನ ಸಾಲು ಉಳಿಯಲಿಲ್ಲ. ಅದನ್ನು ಗುಂಡಿ ತೋಡಿ ಹೂತೆವು. ಉಳಿದದ್ದೆಲ್ಲ ಹಣ್ಣಾಗಿ ಗೂಡು ಕಟ್ಟಿತು, ಗೂಡೂ ಗಟ್ಟಿಯಾಗಿಯೇ ಇತ್ತು.

ತರಗತಿಯಲ್ಲಿ ಮೇಡಂ ಎಲ್ಲರ ಲೈವನ್ನು ನಿಮಿಷ ನಿಮಿಷಕ್ಕೆ ಎಷ್ಟು ಜನ ನೋಡಿದರು ಅನ್ನುವ ಗ್ರಾಫ್ ಹಾಕಿ ತೋರಿಸಿದರು. ಉಳಿದವರಲ್ಲಿ ಹೆಚ್ಚಿನವರ ಗೆರೆ ಕೆಲವೇ ನಿಮಿಷಕ್ಕೆ ಕೆಳಗಿಳಿದಿತ್ತು, ನನ್ನದು ಹೋಗ್ತಾ ಹೋಗ್ತಾ ಮೇಲೇರಿತ್ತು. ಒಬ್ಬ ಹುಡುಗ ಇದು ಅದೃಷ್ಟ ಅಂದ. ನಾನು ಬಿಡಲಿಲ್ಲ. ರೋಗ ಕಂಡದ್ದು ಅದೃಷ್ಟ ಇರಬಹುದು, ಹುಳದ ಸದ್ದು ಕೇಳಿಸಿದ್ದು ಅದೃಷ್ಟ ಅಲ್ಲ, ಇಪ್ಪತ್ತು ಎಣಿಸಿದ್ದೂ ಅದೃಷ್ಟ ಅಲ್ಲ, ಅವು ಎರಡೂ ಇಲ್ಲೇ ಕಲಿತದ್ದು ಅಂದೆ. ಮೇಡಂ ತಲೆಯಾಡಿಸಿದರು. ಆಮೇಲೆ, ಮುಖ ತೋರಿಸಬಾರದು ಅಂತ ನಿಮ್ಮ ತಾಯಿ ಹೇಳಿದ್ದರು ಅಂತ ನಿಮ್ಮ ವರದಿಯಲ್ಲೇ ಬರೆದಿದ್ದೀರಿ, ವಿಡಿಯೋ ಇನ್ನೂ ಹಾಗೇ ಇದೆಯಲ್ಲ, ಅವರನ್ನು ಕೇಳಿದಿರಾ ಅಂದರು.

ಕೇಳಿರಲಿಲ್ಲ. ಲೈವ್ ಮುಗಿದ ಮೇಲೂ ಅದು ಯಾರು ಬೇಕಾದರೂ ನೋಡುವ ಹಾಗೆ ಅಲ್ಲೇ ಕೂತಿದೆ ಅನ್ನುವುದು ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಬಸ್ಸಿನಲ್ಲೇ ಫೋನು ತೆಗೆದು ವಿಡಿಯೋ ಯಾರಿಗೂ ಕಾಣದ ಹಾಗೆ ಮಾಡಿದೆ. ಮನೆಗೆ ಹೋಗಿ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ತೋರಿಸಿದೆ. ನಿನ್ನ ಮುಖ ಬಂದಿದೆ, ಆ ಭಾಗ ಕತ್ತರಿಸಲಾ, ಪೂರ್ತಿ ತೆಗೆಯಲಾ ಅಂತ ಕೇಳಿದೆ.

ಅವಳು ಮುಖದ ಮಾತಾಡಲಿಲ್ಲ. ತಲೆ ಬಾಚಿಕೊಂಡಿರಲಿಲ್ಲ ಅಂದಳು, ಆ ಹಳೆ ಸೀರೆ ಉಡಬಾರದಿತ್ತು ಅಂದಳು. ಹುಳದ ಕಾಲು ಚಿವುಟುವ ಜಾಗವನ್ನು ಎರಡು ಸಲ ಹಾಕಿಸಿ ನೋಡಿದಳು.

"ರೋಗ ಕಾಣೋದು ಅಲ್ಲೇ ತಾನೆ. ಅದ್ನ ಕಿತ್ತಾಕುದ್ರೆ ನೋಡೋರ್ಗೆ ಏನು ಗೊತ್ತಾದದು? ಇರ್ಲಿ ಬುಡು."

ಮತ್ತೆ ಎಲ್ಲರಿಗೂ ಕಾಣುವ ಹಾಗೆ ಮಾಡಿದೆ. ಈ ಸಲ ಅವಳೇ ಹೇಳಿ ಮಾಡಿಸಿದ್ದು. ಅದರ ಕೆಳಗೆ ರೋಗದ ಹೆಸರು, ಹುಳ ಎಷ್ಟನೇ ನಿಮಿಷದಲ್ಲಿ ಕಾಣುತ್ತದೆ ಅನ್ನುವುದನ್ನು ಬರೆದೆ. ಸಾಕುವವರು ಹುಡುಕಿದರೆ ಸಿಗಲಿ ಅಂತ.

ಈಗ ನನ್ನ ಪ್ರಬಂಧಕ್ಕೆ ಅದೇ ವಿಷಯ. ಹುಳು ಸಾಕುವ ಹೆಂಗಸರು ಫೋನಿನಲ್ಲಿ ಏನು ನೋಡುತ್ತಾರೆ, ನೋಡಿದ್ದರಲ್ಲಿ ಯಾವುದನ್ನು ನಂಬುತ್ತಾರೆ ಅಂತ ಮಳವಳ್ಳಿ, ಮದ್ದೂರು ಕಡೆಯ ಊರುಗಳಲ್ಲಿ ಮನೆ ಮನೆಗೆ ಹೋಗಿ ಕೇಳುತ್ತಿದ್ದೇನೆ. ಪ್ರಶ್ನೆಗಳು ಸರಿಯಿಲ್ಲ ಅಂತ ಮೇಡಂ ಮೊದಲ ಅಧ್ಯಾಯವನ್ನು ಎರಡು ಸಲ ವಾಪಸು ಕಳಿಸಿದ್ದಾರೆ. ಮೂರನೇ ಸಲ ಕಳಿಸಲಾರರು, ನಾನೀಗ ಕೇಳುತ್ತಿರುವ ಪ್ರಶ್ನೆಗಳು ಸರಿಯಾಗಿವೆ.